ಹುಟ್ಟದ ಗಂಡುಮಕ್ಕಳಿಗೆ ಬರೆದಿಟ್ಟ ಆಸ್ತಿ: ಷೇಕ್ಸ್‌ಪಿಯರನ ಮನೆತನ

ಸಭಿಕರಿಗೆಲ್ಲ ನಮಸ್ಕಾರ.

ವಿಲಿಯಂ ಷೇಕ್ಸ್‌ಪಿಯರ್ ತನ್ನ ಮನೆಯವರಿಗೆ ಬರೆದ ಕಾಗದ ಒಂದೂ ಉಳಿದಿಲ್ಲ, ದಿನಚರಿಯೂ ಇಲ್ಲ. ಅವನ ಸಂಸಾರದ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಬಂದಿರುವುದು ಚರ್ಚಿನ ದಫ್ತರ, ಊರಿನ ಲೆಕ್ಕಪತ್ರ, ಕೋರ್ಟಿನ ಕಡತ, ಕ್ರಯಪತ್ರಗಳು ಮತ್ತು ಮೂರು ಹಾಳೆಯ ಒಂದು ಉಯಿಲಿನಿಂದ. ಇವನ್ನು ಒಣ ಕಾಗದಗಳೆಂದು ಬದಿಗಿಡುವವರು ಬಹಳ. ನನ್ನ ಮಟ್ಟಿಗೆ, ಒಬ್ಬ ತಂದೆಯ ಆಸೆ ಹೇಗೆ ಕಟ್ಟಿಕೊಂಡಿತು, ಹೇಗೆ ಕಳಚಿಬಿತ್ತು ಎಂಬುದನ್ನು ಇಷ್ಟು ನೇರವಾಗಿ ಹೇಳುವ ದಾಖಲೆಗಳು ಬೇರೆ ಇಲ್ಲ.

ಓದುವ ಮೊದಲು ಎರಡು ಎಚ್ಚರಿಕೆ ಬೇಕು. ಚರ್ಚಿನ ದಫ್ತರದಲ್ಲಿ ಇರುವುದು ಹುಟ್ಟಿದ ದಿನವಲ್ಲ, ಕೂಸನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ದೀಕ್ಷಾಸ್ನಾನದ ದಿನ. ಅವನ ಊರಾದ ಸ್ಟ್ರಾಟ್‌ಫರ್ಡ್‌ನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ವಿಲಿಯಮನ ದೀಕ್ಷಾಸ್ನಾನ ನಡೆದದ್ದು 1564ರ ಏಪ್ರಿಲ್ 26ರಂದು. ಏಪ್ರಿಲ್ 23 ಅವನ ಜನ್ಮದಿನ ಎನ್ನುವುದು ಆಮೇಲಿನವರ ಊಹೆ. ಎರಡನೆಯದು, ಆಗಿನ ಇಂಗ್ಲೆಂಡಿನ ದಾಖಲೆಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಕಿರಿಯ ಮಗಳು ಜುಡಿತ್‌ಳ ಮದುವೆ ದಫ್ತರದಲ್ಲಿ 1615ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1616. ಇದನ್ನು ಮರೆತರೆ, ಅಪ್ಪ ಸಾಯುವುದಕ್ಕೆ ಹತ್ತು ವಾರ ಮುಂಚೆ ನಡೆದ ಮದುವೆ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಉಯಿಲಿನ ತಿದ್ದುಪಡಿಗಳು ಅರ್ಥವೇ ಆಗುವುದಿಲ್ಲ.

ತಂದೆ ಜಾನ್ ಷೇಕ್ಸ್‌ಪಿಯರ್ ಹತ್ತಿರದ ಸ್ನಿಟರ್‌ಫೀಲ್ಡ್ ಹಳ್ಳಿಯ ರೈತನ ಮಗ. ಕಸುಬು ಕೈಗವಸು ಹೊಲಿಯುವುದು, ಬಿಳಿ ತೊಗಲು ಹದ ಮಾಡುವುದು. ಈ ಹದಕ್ಕೆ ಮರದ ತೊಗಟೆ ಬಳಸುವುದಿಲ್ಲ; ಕುರಿ, ಆಡು, ಜಿಂಕೆಯ ತೊಗಲನ್ನು ಪಟಿಕ, ಉಪ್ಪು, ಹಿಟ್ಟು, ಮೊಟ್ಟೆಯ ಹಳದಿ ಸೇರಿದ ಮಿಶ್ರಣದಲ್ಲಿ ಮೆದುಮಾಡುತ್ತಾರೆ. ಊರಿನ ಕಡತದಲ್ಲಿ ಅವನ ಹೆಸರು ಮೊದಲು ಕಾಣುವುದು 1552ರಲ್ಲಿ, ಹೆನ್ಲಿ ಬೀದಿಯಲ್ಲಿ ತಿಪ್ಪೆ ಹಾಕಿದ್ದಕ್ಕೆ ಒಂದು ಶಿಲ್ಲಿಂಗ್ ದಂಡ ತೆತ್ತಾಗ. ಅದೇ ತಪ್ಪಿಗೆ ಜೊತೆಯಲ್ಲೇ ದಂಡ ತೆತ್ತವನು ಏಡ್ರಿಯನ್ ಕ್ವಿನಿ. ಈ ಕ್ವಿನಿ ಮನೆತನ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ. ಜಾನ್ ಬಿಯರ್ ಪರೀಕ್ಷಕನಾಗಿ ಆರಂಭಿಸಿ 1568ರಲ್ಲಿ ಬೈಲಿಫ್, ಅಂದರೆ ಊರಿನ ಮುಖ್ಯಸ್ಥನ ಸ್ಥಾನಕ್ಕೆ ಏರಿದ. ಆಮೇಲೆ ಸಾಲ ಮೈಮೇಲೆ ಬಂತು, ಹೆಂಡತಿ ಮೇರಿ ಆರ್ಡನ್ ತವರಿನಿಂದ ತಂದ ವಿಲ್ಮ್‌ಕೋಟಿನ ಜಮೀನು ಅಡವು ಬಿತ್ತು.

ಮೇರಿ ಎಂಟು ಮಕ್ಕಳನ್ನು ಹೆತ್ತಳು. ಮೊದಲಿನ ಇಬ್ಬರು ಹೆಣ್ಣುಮಕ್ಕಳು ಎಳೆತನದಲ್ಲೇ ಹೋದರು. ಮೂರನೆಯವನು ವಿಲಿಯಂ. ಅವನು ಮೂರು ತಿಂಗಳ ಕೂಸಾಗಿದ್ದಾಗ, 1564ರ ಜುಲೈ 11ರ ಒಂದು ಅಂತ್ಯಕ್ರಿಯೆಯ ಪಕ್ಕದಲ್ಲಿ 'ಇಲ್ಲಿಂದ ಪ್ಲೇಗ್ ಶುರು' ಎಂದು ಲ್ಯಾಟಿನ್‌ನಲ್ಲಿ ಬರೆದಿದೆ. ಆ ವರ್ಷ ಊರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೂಸು ಬದುಕಿತು. ಕೊನೆಯ ತಮ್ಮ ಎಡ್ಮಂಡ್ ಅಣ್ಣನ ಹಾದಿ ಹಿಡಿದು ಲಂಡನ್ನಿನಲ್ಲಿ ನಟನಾದ. 1607ರ ಡಿಸೆಂಬರ್ 31ರಂದು ಸದಕ್‌ನಲ್ಲಿ ಅವನನ್ನು ಮಣ್ಣುಮಾಡಿದಾಗ ದೊಡ್ಡ ಗಂಟೆ ಬಾರಿಸುವುದೂ ಸೇರಿ ಇಪ್ಪತ್ತು ಶಿಲ್ಲಿಂಗ್ ಖರ್ಚಾಯಿತು.

ಇನ್ನು ಮದುವೆ. ವಿಲಿಯಮನಿಗೆ ಹದಿನೆಂಟು, ಆನ್ ಹ್ಯಾಥವೇಗೆ ಇಪ್ಪತ್ತಾರು, ಆಕೆ ಗರ್ಭಿಣಿ. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಹೇಳಬೇಕಿತ್ತು. 1582ರ ಡಿಸೆಂಬರ್ 2ಕ್ಕೆ ಕ್ರಿಸ್‌ಮಸ್‌ಗೆ ಮುಂಚಿನ ಆಡ್ವೆಂಟ್ ಕಾಲ ಶುರುವಾದರೆ ಜನವರಿ ಮಧ್ಯದವರೆಗೆ ಕೂಗುವಂತಿಲ್ಲ. ಅದಕ್ಕೇ ವೂಸ್ಟರ್ ಬಿಷಪ್ಪರಿಂದ, ಒಂದೇ ಸಲ ಕೂಗಿದರೆ ಸಾಕು ಎಂಬ ಪರವಾನಗಿ. ಅದಕ್ಕಾಗಿ ಆನ್ ತಂದೆಯ ಪರಿಚಯದ ಇಬ್ಬರು ರೈತರು ನವೆಂಬರ್ 28ರಂದು 40 ಪೌಂಡಿಗೆ ಮುಚ್ಚಳಿಕೆ ಬರೆದುಕೊಟ್ಟರು. ಆ ಊರಿನ ಶಾಲೆಯ ಮೇಷ್ಟ್ರ ವರ್ಷದ ಸಂಬಳ 20 ಪೌಂಡ್, ಹಾಗಾಗಿ ಇದು ಹುಡುಗಾಟದ ಮೊತ್ತವಲ್ಲ. ಹಿಂದಿನ ದಿನದ ದಫ್ತರದಲ್ಲಿ ಹೆಣ್ಣಿನ ಹೆಸರು 'ಆನ್ ವೇಟ್ಲಿ' ಎಂದಿದೆ. ಇದರ ಮೇಲೆ ಕೈಬಿಟ್ಟ ಪ್ರೇಯಸಿಯ ಕಥೆಗಳೇ ಹುಟ್ಟಿವೆ. ಅದೇ ದಿನ ಅದೇ ಕಚೇರಿಯಲ್ಲಿ ವೇಟ್ಲಿ ಎಂಬ ಪಾದ್ರಿಯೊಬ್ಬರ ಮೊಕದ್ದಮೆಯೂ ನಡೆದಿತ್ತು. ಗುಮಾಸ್ತನ ಕೈ ತಪ್ಪಿದೆ ಎನ್ನುವುದೇ ಸರಿಯಾದ ವಿವರಣೆ.

1583ರ ಮೇ 26ಕ್ಕೆ ಸುಸಾನಾಳ ದೀಕ್ಷಾಸ್ನಾನ, 1585ರ ಫೆಬ್ರವರಿ 2ಕ್ಕೆ ಅವಳಿಗಳಾದ ಹ್ಯಾಮ್ನೆಟ್ ಮತ್ತು ಜುಡಿತ್‌ರದು. ಅವಳಿಗಳಿಗೆ ಇಟ್ಟದ್ದು ನೆರೆಯ ಬ್ರೆಡ್ ವ್ಯಾಪಾರಿ ಹ್ಯಾಮ್ನೆಟ್ ಸ್ಯಾಡ್ಲರ್ ದಂಪತಿಯ ಹೆಸರು. ಮಗ 1596ರ ಆಗಸ್ಟ್ 11ರಂದು ಮಣ್ಣು ಸೇರಿದ. ಹನ್ನೊಂದು ವರ್ಷ. ಕಾರಣ ಎಲ್ಲೂ ಬರೆದಿಲ್ಲ. ಹತ್ತು ವಾರಕ್ಕೆ, ಅಕ್ಟೋಬರ್ 20ಕ್ಕೆ, ತಾತ ಜಾನ್‌ಗೆ ಕುಲಲಾಂಛನ ಮಂಜೂರಾಯಿತು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯಬೇಕಾದ ಮರ್ಯಾದೆ ಅದು. ಬರುವಷ್ಟರಲ್ಲಿ ಇಳಿಯಲು ಮೊಮ್ಮಗನಿರಲಿಲ್ಲ.

ಆದರೂ ವಿಲಿಯಂ ಆಸ್ತಿ ಕೂಡಿಸುವುದನ್ನು ನಿಲ್ಲಿಸಲಿಲ್ಲ. 1597ರಲ್ಲಿ ಊರಿನ ದೊಡ್ಡ ಮನೆಗಳಲ್ಲೊಂದಾದ ನ್ಯೂ ಪ್ಲೇಸ್, 1602ರಲ್ಲಿ 320 ಪೌಂಡಿಗೆ 107 ಎಕರೆ, 1605ರಲ್ಲಿ 440 ಪೌಂಡಿಗೆ ದಶಾಂಶ ಕರದ, ಅಂದರೆ ಬೆಳೆಯ ಹತ್ತನೇ ಒಂದು ಭಾಗವಾಗಿ ಸಲ್ಲುತ್ತಿದ್ದ ತೆರಿಗೆಯ, ಪಾಲು. ದುಡಿದದ್ದು ಲಂಡನ್ನಿನಲ್ಲಿ, ಹೂಡಿದ್ದು ಬಹುಪಾಲು ಊರಿನಲ್ಲಿ.

ಈಗ ಉಯಿಲಿಗೆ ಬರೋಣ. ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಅದರ ತಲೆಯಲ್ಲಿ ಮೊದಲು ಜನವರಿ ಎಂದು ಬರೆದು, ಹೊಡೆದುಹಾಕಿ, ಮಾರ್ಚ್ ಎಂದು ತಿದ್ದಿದೆ. ನಡುವೆ ನಡೆದದ್ದು ಇಷ್ಟು: ಫೆಬ್ರವರಿ 10ಕ್ಕೆ ಜುಡಿತ್, ತಿಪ್ಪೆಯ ದಂಡ ತೆತ್ತ ಏಡ್ರಿಯನ್‌ನ ಮೊಮ್ಮಗ ಥಾಮಸ್ ಕ್ವಿನಿಯನ್ನು ಮದುವೆಯಾದಳು. ಈಸ್ಟರ್‌ಗೆ ಮುಂಚಿನ ನಿಷಿದ್ಧ ಕಾಲದಲ್ಲಿ ಪರವಾನಗಿ ಇಲ್ಲದೆ ಆದದ್ದರಿಂದ ಥಾಮಸ್‌ಗೆ ಬಹಿಷ್ಕಾರ. ಮಾರ್ಚ್ 15ಕ್ಕೆ ಮಾರ್ಗರೆಟ್ ವೀಲರ್ ಎಂಬ ಹೆಣ್ಣು ಮತ್ತು ಅವಳ ಕೂಸಿನ ಅಂತ್ಯಕ್ರಿಯೆ. ಮಾರ್ಚ್ 25ಕ್ಕೆ ಉಯಿಲಿನ ತಿದ್ದುಪಡಿ. ಮರುದಿನ ಚರ್ಚಿನ ಕೋರ್ಟಿನಲ್ಲಿ ಥಾಮಸ್ ಆ ಹೆಣ್ಣಿನ ಜೊತೆಗಿನ ಸಂಬಂಧ ಒಪ್ಪಿಕೊಂಡ. ಮೂರು ಭಾನುವಾರ ಬಿಳಿ ಬಟ್ಟೆ ಹೊದ್ದು ಚರ್ಚಿನಲ್ಲಿ ನಿಲ್ಲುವ ಶಿಕ್ಷೆ ಐದು ಶಿಲ್ಲಿಂಗ್ ದಂಡಕ್ಕೆ ಇಳಿಯಿತು.

ಉಯಿಲಿನಲ್ಲಿ 'ಅಳಿಯ' ಎಂಬ ಪದ ಪೂರ್ತಿ ಬರೆಯುವ ಮೊದಲೇ ಹೊಡೆದುಹಾಕಿ 'ಮಗಳು ಜುಡಿತ್' ಎಂದು ಹಾಕಿದೆ. ಅವಳಿಗೆ 100 ಪೌಂಡ್ ವರದಕ್ಷಿಣೆ, ಕೊಡಲು ತಡವಾದರೆ ಇಪ್ಪತ್ತು ಶಿಲ್ಲಿಂಗಿನ ಪೌಂಡಿಗೆ ಎರಡು ಶಿಲ್ಲಿಂಗ್, ಅಂದರೆ ನೂರಕ್ಕೆ ಹತ್ತರ ಬಡ್ಡಿ. ಚಾಪೆಲ್ ಲೇನಿನ ಪುಟ್ಟ ಮನೆಯ ಹಕ್ಕು ಬಿಟ್ಟುಕೊಟ್ಟರೆ ಇನ್ನು 50. ಮೂರು ವರ್ಷದ ನಂತರ ಅವಳಾಗಲಿ ಮಕ್ಕಳಾಗಲಿ ಬದುಕಿದ್ದರೆ ಮತ್ತೆ 150. ಈ ಕೊನೆಯ ಮೊತ್ತವನ್ನು ಗಂಡ ಮುಟ್ಟಬೇಕಾದರೆ ಅಷ್ಟೇ ಬೆಲೆಯ ಜಮೀನು ಹೆಂಡತಿಯ ಹೆಸರಿಗೆ ಮಾಡಿರಬೇಕು. ಅಳಿಯನ ಮೇಲೆ ನಂಬಿಕೆ ಹೋದ ಮಾವ, ಮಗಳಿಗೆ ಬೇಲಿ ಕಟ್ಟಿದ ರೀತಿ ಇದು.

ಹೆಂಡತಿಗೆ 'ಎರಡನೇ ದರ್ಜೆಯ ಮಂಚ' ಬಿಟ್ಟ ಎಂಬುದು ಎಲ್ಲರಿಗೂ ಗೊತ್ತು. ಅದು ಸಾಲುಗಳ ನಡುವೆ ಆಮೇಲೆ ತುರುಕಿದ ಮಾತು. ಅದೊಂದನ್ನೇ ಹಿಡಿದು ದಾಂಪತ್ಯ ಕೆಟ್ಟಿತ್ತು ಎನ್ನುವುದು ದುಡುಕು. ವಿಧವೆಗೆ ಗಂಡನ ಭೂಮಿಯ ಮೂರನೇ ಒಂದು ಪಾಲಿನ ಮೇಲೆ ಜೀವಾವಧಿ ಹಕ್ಕು ಅಂದಿನ ಸಾಮಾನ್ಯ ಕಾನೂನಿನಲ್ಲೇ ಇತ್ತು, ಉಯಿಲಿನಲ್ಲಿ ಬರೆಯಬೇಕಾಗಿರಲಿಲ್ಲ. ಆದರೆ 1613ರಲ್ಲಿ 140 ಪೌಂಡಿಗೆ ಕೊಂಡ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಮನೆಯನ್ನು ಇತರರ ಹೆಸರೂ ಸೇರಿಸಿ ಖರೀದಿಸಿದ್ದರಿಂದ, ಅದರಲ್ಲಿ ಆನ್‌ಗೆ ಆ ಹಕ್ಕು ಸಿಗಲಿಲ್ಲ ಎಂಬುದೂ ನಿಜ.

ಉಯಿಲಿನ ಜೀವಾಳ ಇರುವುದು ಸುಸಾನಾಳ ಪಾಲಿನಲ್ಲಿ. ಮನೆ, ಹೊಲ ಎಲ್ಲ ಅವಳ ಜೀವಾವಧಿಗೆ. ನಂತರ ಅವಳ ಮೊದಲ ಮಗನಿಗೆ, ಅವನಿಗೆ ಗಂಡುಸಂತಾನ ಇಲ್ಲದಿದ್ದರೆ ಎರಡನೆಯವನಿಗೆ, ಮೂರನೆಯವನಿಗೆ, ಹೀಗೆ ಏಳನೆಯ ಮಗನವರೆಗೂ ಎಣಿಸಿ ಬರೆಸಿದ್ದಾನೆ. ಆಗ ಅವಳಿಗೆ ಮೂವತ್ತೆರಡು ವರ್ಷ, ಮದುವೆಯಾಗಿ ಒಂಬತ್ತನೇ ವರ್ಷ, ಇದ್ದದ್ದು ಎಲಿಜಬೆತ್ ಎಂಬ ಒಬ್ಬಳೇ ಮಗಳು. ಮಗನನ್ನು ಕಳೆದುಕೊಂಡು ಇಪ್ಪತ್ತು ವರ್ಷವಾದ ಮೇಲೂ ಒಬ್ಬ ಹುಡುಗನಿಗಾಗಿ ಕಾದಿದ್ದ ಮನಸ್ಸು ಆ ಪಟ್ಟಿಯಲ್ಲಿದೆ. ಅವನ ನಾಟಕಗಳ ಯಾವ ಸಾಲಿಗಿಂತಲೂ ನನಗೆ ಇದು ಹೆಚ್ಚು ನೋವಿನ ಓದು.

ಅವನು 1616ರ ಏಪ್ರಿಲ್ 23ರಂದು ತೀರಿಕೊಂಡ. ಸುಸಾನಾಗೆ ಮತ್ತೆ ಮಕ್ಕಳಾಗಲಿಲ್ಲ. ಜುಡಿತ್‌ಗೆ ಮೂವರು ಗಂಡುಮಕ್ಕಳಾದರು. ತಾತನ ಮನೆತನದ ಹೆಸರನ್ನೇ ಇಟ್ಟ ಮೊದಲನೆಯ ಕೂಸು ಷೇಕ್ಸ್‌ಪಿಯರ್ ಕ್ವಿನಿ ಆರು ತಿಂಗಳು ಬದುಕಿತು. ಪ್ರಾಯಕ್ಕೆ ಬಂದ ಥಾಮಸ್ ಮತ್ತು ರಿಚರ್ಡ್ 1639ರಲ್ಲಿ ಒಂದು ತಿಂಗಳ ಅಂತರದಲ್ಲಿ ಸತ್ತರು. ಉಯಿಲಿನ ಷರತ್ತನ್ನು ಸಡಿಲಿಸುವ ಕಾನೂನು ಏರ್ಪಾಡು ಅದೇ ವರ್ಷ ಶುರುವಾಯಿತು. ಎಲಿಜಬೆತ್ ಎರಡು ಮದುವೆಯಾಗಿಯೂ ಮಕ್ಕಳಿಲ್ಲದೆ 1670ರಲ್ಲಿ ತೀರಿಕೊಂಡಳು. ನೇರ ವಂಶ ಅಲ್ಲಿಗೆ ಮುಗಿಯಿತು.

ಉಯಿಲಿನಲ್ಲಿ ತಂಗಿ ಜೋನ್‌ಗೆ ಸಿಕ್ಕಿದ್ದು 20 ಪೌಂಡ್, ಅಣ್ಣನ ಬಟ್ಟೆಗಳು, ಮತ್ತು ವರ್ಷಕ್ಕೆ ಹನ್ನೆರಡು ಪೆನ್ಸ್ ಬಾಡಿಗೆಗೆ ಹೆನ್ಲಿ ಬೀದಿಯ ಮನೆಯಲ್ಲಿ ಬದುಕಿರುವವರೆಗೆ ವಾಸ. ಟೋಪಿ ಮಾಡುವ ಅವಳ ಗಂಡ ವಿಲಿಯಂ ಹಾರ್ಟ್ ಅಣ್ಣನಿಗಿಂತ ವಾರ ಮೊದಲಷ್ಟೇ ತೀರಿಕೊಂಡಿದ್ದ. ಎಲಿಜಬೆತ್ ತನ್ನ ಉಯಿಲಿನಲ್ಲಿ ಆ ಮನೆಯನ್ನು ಜೋನ್‌ಳ ಮೊಮ್ಮಕ್ಕಳಿಗೆ ಬಿಟ್ಟಳು. ಹಾರ್ಟ್ ಮನೆತನದವರು 1806ರವರೆಗೂ ಅದರ ಒಡೆಯರಾಗಿದ್ದರು, ಜೋನ್‌ಳ ವಂಶದವರು ಇಂದಿಗೂ ಇದ್ದಾರೆ.