ಮೊದಲು ಬೆಳಕು, ಆಮೇಲೆ ಹಿತ್ತಾಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳ್ಳಿಯ ಹಳೇ ಮನೆಯನ್ನು ಹೊಸದು ಮಾಡಿಸಬೇಕು ಅಂದುಕೊಂಡಿದ್ದೀರಿ. ಕೈಯಲ್ಲಿ ಆಗಲೇ ಒಂದು ಪಟ್ಟಿ ತಯಾರಾಗಿದೆ. ಬಾಗಿಲಿಗೆ ಹಿತ್ತಾಳೆ ಹಿಡಿಕೆ, ಮೇಜಿನ ಮೇಲೆ ತಾಮ್ರದ ದೀಪ, ಮೆಟ್ಟಿಲಿಗೆ ಕಪ್ಪು ಕಬ್ಬಿಣದ ಕಂಬಿ. ಚೆಂದದ ಪಟ್ಟಿಯೇ, ಇಲ್ಲ ಅನ್ನುವುದಿಲ್ಲ. ಆದರೆ ದಯವಿಟ್ಟು ಅದನ್ನು ಮಡಚಿ ಜೇಬಿನಲ್ಲಿಡಿ. ನನಗೆ ಕೊಟ್ಟಿರುವುದು ಹತ್ತು ನಿಮಿಷ. ಅಷ್ಟರಲ್ಲಿ ನಾನು ಹೇಳಬೇಕಾದ್ದು ಒಂದೇ ಮಾತು. ಮೊದಲು ಬೆಳಕು, ಆಮೇಲೆ ಲೋಹ.

ಯಾಕೆ ಅಂತೀರಾ? ಲೋಹಕ್ಕೆ ತನ್ನದು ಅಂತ ಹೊಳಪು ಇರುವುದಿಲ್ಲ. ಸುಣ್ಣದ ಗೋಡೆಯ ಮೇಲೆ ಬೆಳಕು ಬಿದ್ದರೆ ಅದು ನಾಲ್ಕೂ ಕಡೆ ಚೆಲ್ಲುತ್ತದೆ. ನೀವು ಎಲ್ಲಿ ನಿಂತು ನೋಡಿದರೂ ಗೋಡೆ ಒಂದೇ ಥರ ಕಾಣುತ್ತದೆ. ಉಜ್ಜಿದ ಹಿತ್ತಾಳೆ ಹಾಗಲ್ಲ, ಅದು ಕನ್ನಡಿಯ ಜಾತಿಯದು. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗೆ ಕಿಟಕಿ ಇದ್ದರೆ ಹೊಳೆಯಿತು. ಎದುರಿಗೆ ಕತ್ತಲ ಮೂಲೆ ಇದ್ದರೆ ಅದೂ ಕತ್ತಲೆಯೇ. ಅಷ್ಟು ದುಡ್ಡು ಕೊಟ್ಟು ಕತ್ತಲೆ ತಂದ ಹಾಗಾಯಿತು, ಅಲ್ವಾ?

ಇದನ್ನು ನನಗೆ ಕಲಿಸಿದ್ದು ಒಂದು ಮನೆ. ಆ ಕಥೆ ಹೇಳಲೇಬೇಕು.

ಒಬ್ಬರು ತಮ್ಮ ತಾತನ ಕಾಲದ ಮನೆ ರಿಪೇರಿ ಮಾಡಿಸಿದರು. ಎರಡಡಿ ದಪ್ಪದ ಗೋಡೆ, ಪುಟ್ಟ ಪುಟ್ಟ ಕಿಟಕಿ, ಕಪ್ಪಾದ ಮರದ ತೊಲೆಗಳು. ನಡುಮನೆಯಲ್ಲಿ ಹಗಲು ಹೊತ್ತಿನಲ್ಲೂ ದೀಪ ಬೇಕು. ಮನೆ ಮಂಕಾಗಿದೆ ಅಂತ ಅವರು ಒಂದು ಪೆಟ್ಟಿಗೆ ತುಂಬ ಹಿತ್ತಾಳೆ ಸಾಮಾನು ತಂದು ಎಲ್ಲ ಕಡೆ ಹಾಕಿಸಿದರು. ಹಿಡಿಕೆ, ಚಿಲಕ, ಗುಬಟು, ಸ್ವಿಚ್ಚಿನ ಫಲಕ, ಏನು ಬಿಟ್ಟರು ಕೇಳಿ. ಆಮೇಲೆ ನನಗೆ ಫೋನು. "ಮೇಡಂ, ಅಂಗಡಿಯಲ್ಲಿ ಫಳಫಳ ಅಂತಿತ್ತು. ಮನೆಗೆ ತಂದ ಮೇಲೆ ಕಂದು ಬಣ್ಣದ ಮುದ್ದೆ ಥರ ಕಾಣ್ತಿದೆ. ಮೋಸ ಆಯ್ತಾ?"

ಮೋಸ ಏನೂ ಆಗಿರಲಿಲ್ಲ. ಅಂಗಡಿಯಲ್ಲಿ ಅದರ ನೆತ್ತಿಯ ಮೇಲೆ ಇಪ್ಪತ್ತು ದೀಪ ಉರಿಯುತ್ತಿತ್ತು, ಅಷ್ಟೇ.

ನಾನು ಹೋದೆ. ಒಂದು ಸೀಮೆಸುಣ್ಣ ಕೇಳಿದೆ. ಬೆಳಗ್ಗೆ ಆರೂವರೆಗೆ ನಡುಮನೆಯಲ್ಲಿ ಕೂತೆ. ನೆಲದ ಮೇಲೆ, ಗೋಡೆಯ ಮೇಲೆ ಎಲ್ಲಿ ಬಿಸಿಲು ಬೀಳುತ್ತದೋ ಅದರ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದೆ. ಗಂಟೆಗೊಂದು ಸಲ. ಮನೆ ಯಜಮಾನರು ಒಂದೆರಡು ಸಲ ಬಂದು ಇಣುಕಿದರು. ಇವರಿಗೆ ಫೀಸು ಬೇರೆ ಕೊಡಬೇಕಲ್ಲ ಅನ್ನುವ ಮುಖ. ಅವರ ತಾಯಿ ಮಾತ್ರ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಒಂಬತ್ತರ ಗೆರೆ ಎಳೆಯುವಾಗ ಅಂದರು, "ನೋಡಮ್ಮಾ, ಈಗ ಒಂಬತ್ತಕ್ಕೆ ಬಿಸಿಲು ಈ ಕಂಬದ ಬುಡಕ್ಕೆ ಬರ್ತದೆ. ಹೋದ ತಿಂಗಳು ಅಗೋ, ಆ ಬಾಗಿಲ ಹತ್ರ ಇತ್ತು."

ನನ್ನ ಸೀಮೆಸುಣ್ಣಕ್ಕೆ ಒಂದು ದಿನದ ಲೆಕ್ಕ ಸಿಕ್ಕಿತ್ತು. ಆ ತಾಯಿಯ ಹತ್ತಿರ ಅರವತ್ತು ವರ್ಷದ ಲೆಕ್ಕ ಇತ್ತು. ಮಧ್ಯಾಹ್ನದ ಸೂರ್ಯ ವರ್ಷದಲ್ಲಿ 47 ಡಿಗ್ರಿಯಷ್ಟು ಆಚೆ ಈಚೆ ಸರಿಯುತ್ತಾನೆ ಅಂತ ನಾವು ಓದಿ ತಿಳಿದವರು. ಅವರು ಕಂಬ, ಬಾಗಿಲು ನೋಡಿಯೇ ತಿಳಿದವರು. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ನನ್ನಂಥವರನ್ನು ಕರೆಯುವ ಮೊದಲು ಅವರನ್ನು ಕೇಳಿ.

ಸಂಜೆಗೆ ವಿಷಯ ಸ್ಪಷ್ಟವಾಯಿತು. ಬಿಸಿಲು ಬರುತ್ತಿತ್ತು. ಆದರೆ ದಪ್ಪ ಗೋಡೆಯ ಒಳಗಿನ ಕಿಟಕಿ ಕೊಳವೆಯ ಹಾಗೆ ಇತ್ತು. ಬೆಳಕು ಅದರೊಳಗೆ ತೂರಿ ನೆಲದ ಮೇಲೆ ಒಂದು ತುಂಡಾಗಿ ಬೀಳುತ್ತಿತ್ತು, ಅಷ್ಟಕ್ಕೇ ಮುಗಿಯಿತು. ಕಿಟಕಿ ದೊಡ್ಡದು ಮಾಡೋಣ, ಗೋಡೆ ಒಡೆಯೋಣ ಅಂತ ಯಜಮಾನರು ಹೊರಟರು. ಬೇಡ ಅಂದೆ. ಕಿಟಕಿಯ ಹೊರ ಅಳತೆ ಇದ್ದ ಹಾಗೇ ಇರಲಿ. ಒಳಗಡೆ ಎರಡೂ ಬದಿಯ ಗೋಡೆಯನ್ನು ಓರೆಯಾಗಿ ಕೆತ್ತಿಸಿ, ಒಳಕ್ಕೆ ಬರುತ್ತಾ ಅಗಲವಾಗುವ ಹಾಗೆ. ಆ ಓರೆಗೆ ಬಿಳಿ ಸುಣ್ಣ. ಒಳ್ಳೆಯ ಬಿಳಿ ಸುಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲು ವಾಪಸ್ ಕೊಡುತ್ತದೆ. ಕೊಳವೆ ಈಗ ಆಲಿಕೆ ಆಯಿತು. ಜೊತೆಗೆ ಉತ್ತರದ ಇಳಿಜಾರಿನ ಮಾಡಿನಲ್ಲಿ ಎರಡು ಗಾಜಿನ ಹೆಂಚು.

ಇಷ್ಟಾದ ಮೇಲೆ ಹಿತ್ತಾಳೆಯ ಸರದಿ. ಮುಕ್ಕಾಲು ಪಾಲು ಬಿಚ್ಚಿಸಿದೆ! ಯಜಮಾನರಿಗೆ ಕೋಪ ಬಂತು, ಬರಲಿ. ಸೀಮೆಸುಣ್ಣದ ಗೆರೆ ಮುಟ್ಟಿದ ಕಡೆ ಮಾತ್ರ ಉಳಿಸಿದೆ. ಪೂರ್ವದ ಬಾಗಿಲಿನ ಹಿಡಿಕೆ, ಮೆಟ್ಟಿಲ ತುದಿಯ ಗುಬಟು, ಕಿಟಕಿಯ ಎರಡು ಚಿಲಕ. ಬೆಳಗ್ಗೆ ಎಂಟಕ್ಕೆ ಹಿಡಿಕೆಗೆ ಬಿಸಿಲು ತಾಗುತ್ತದೆ. ಹನ್ನೊಂದಕ್ಕೆ ಗುಬಟು ಬೆಳಗುತ್ತದೆ. ಆ ತಾಯಿ ಈಗ ಗಡಿಯಾರ ನೋಡುವುದಿಲ್ಲವಂತೆ.

ನೋಡಿ, ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಕಿಟಕಿ ಅಗಲಕ್ಕಿಂತ ಎತ್ತರ ಮುಖ್ಯ. ನೆಲದಿಂದ ಕಿಟಕಿಯ ಮೇಲಂಚು ಎಷ್ಟು ಎತ್ತರವೋ, ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಕೋಣೆಯೊಳಗೆ ಕೆಲಸಕ್ಕೆ ಬರುವ ಬೆಳಕು ಸಿಗುತ್ತದೆ. ಪಡುವಣ ಕಡೆಗೆ ದೊಡ್ಡ ಗಾಜು ಬೇಡ. ಸಂಜೆಯ ಬಿಸಿಲು ತಗ್ಗಿನಲ್ಲಿ ಬರುತ್ತದೆ, ಸಜ್ಜಾ ಅದನ್ನು ತಡೆಯುವುದಿಲ್ಲ, ಕೋಣೆ ಒಲೆಯಾಗುತ್ತದೆ. ಮಾಡಿಗೆ ದೊಡ್ಡ ಗಾಜು ಹಾಕಿಸುವುದಾದರೆ ಲ್ಯಾಮಿನೇಟೆಡ್ ಗಾಜೇ ಬೇಕು. ಅದು ಒಡೆದರೂ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡಿರುತ್ತವೆ, ತಲೆ ಮೇಲೆ ಉದುರುವುದಿಲ್ಲ.

ಇನ್ನು ಲೋಹ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಗಾಳಿಗೆ ಅದು ಮಂಕಾಗುತ್ತದೆ, ಉಜ್ಜಿದರೆ ಬೆಳಗುತ್ತದೆ. ಉಜ್ಜಲು ಬೇಜಾರಾದರೆ ಬಿಟ್ಟುಬಿಡಿ, ಕೈ ತಾಗುವ ಜಾಗ ತಾನಾಗೇ ಮಿನುಗುತ್ತದೆ. ನನಗಂತೂ ಅದೇ ಇಷ್ಟ. ಲ್ಯಾಕರ್, ಅಂದರೆ ಹೊಳಪು ಉಳಿಸಲು ಹಚ್ಚುವ ಪಾರದರ್ಶಕ ಲೇಪ, ಬಳಿದದ್ದು ಮಾತ್ರ ಬೇಡ. ಒಂದು ಗೀರು ಬಿದ್ದರೆ ಅಲ್ಲಿಂದ ಕಲೆ ಹರಡುತ್ತದೆ, ಆಮೇಲೆ ಪೂರ್ತಿ ಕೆರೆದು ತೆಗೆಯಬೇಕು. ಒದ್ದೆಯಾಗುವ ಕಡೆ ಅಲ್ಯುಮಿನಿಯಂ ಚೌಕಟ್ಟಿಗೆ ಹಿತ್ತಾಳೆ ಸ್ಕ್ರೂ ಹಾಕಿಸಬೇಡಿ, ಅಲ್ಯುಮಿನಿಯಂ ತಿಂದುಹೋಗುತ್ತದೆ. ಸಮುದ್ರದ ಹತ್ತಿರ ಮನೆ ಇದ್ದರೆ ಸ್ಟೇನ್‌ಲೆಸ್ ಸ್ಟೀಲು ಕೊಳ್ಳುವಾಗ 316 ದರ್ಜೆಯದು ಅಂತ ಕೇಳಿ, 304 ದರ್ಜೆಯದು ಉಪ್ಪುಗಾಳಿಗೆ ಕಲೆಗಟ್ಟುತ್ತದೆ. ಕಪ್ಪು ಕಬ್ಬಿಣ ಬೆಳಕಿಗೆ ಬೆನ್ನು ಮಾಡಿದರೆ ಚೆಂದ, ಕಿಟಕಿ ಎದುರು ಗೆರೆ ಬರೆದ ಹಾಗೆ ಕಾಣುತ್ತದೆ. ಅದೇ ಕಬ್ಬಿಣ ಕತ್ತಲ ಮೂಲೆಯಲ್ಲಿದ್ದರೆ ಎಡವುತ್ತೀರಿ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಬೆಳಕು.

ಇನ್ನೊಂದು. ಸೀಮೆಸುಣ್ಣದ ಗುರುತು ಹಾಕಿದ ಮೇಲೆ ಅವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ತೆಗೆದಿರಲಿಲ್ಲ. ಮರುದಿನ ಅಳತೆ ಟೇಪು ಹಿಡಿದು ಹೋದರೆ ಆ ಮನೆಯವರು ನೆಲ ಒರೆಸಿ ಥಳಥಳ ಅನ್ನಿಸಿಬಿಟ್ಟಿದ್ದರು. ಮತ್ತೆ ಆರೂವರೆಗೆ ಹೋಗಿ ಕೂರಬೇಕಾಯಿತು. ನಮಸ್ಕಾರ.