ಪೇಪರ್ ಒಳಗಿಡಿ, ಅಪ್ಪನನ್ನು ತೋರಿಸಿ

ನಮಸ್ಕಾರ ಮಾರಾಯ್ರೇ. ಇವತ್ತು ಮಳೆಗಾಲದಲ್ಲಿ ಬೆಕ್ಕಿಗೆ ಬರುವ ತುರಿಕೆ ಬಗ್ಗೆ ಮಾತಾಡುವುದು ಅಂತ ಇತ್ತು. ಅದು ಮುಂದಿನ ವಾರ. ನಿನ್ನೆ ಒಂದು ಕಮೆಂಟ್ ಬಂತು: "ಊರ ಬೆಕ್ಕು ಕಳ್ಳ ಬೆಕ್ಕೇ. ಪರ್ಷಿಯನ್ ತಗೊಳ್ಳಿ, ಹುಟ್ಟಿನಿಂದಲೇ ಸಾಧು." ಓದಿದಾಗಿನಿಂದ ತಲೆಬಿಸಿ.

ಹೋದ ತಿಂಗಳು ಕದ್ರಿಯಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಇಪ್ಪತ್ತು ಸಾವಿರ ಕೊಟ್ಟು ಪರ್ಷಿಯನ್ ಮರಿ ತಂದಿದ್ದಾನೆ. ಮರಿ ಎಲ್ಲಿ? ವಾಷಿಂಗ್ ಮೆಷಿನ್ ಹಿಂದೆ! ಬಂದು ಹದಿನೈದು ದಿನ, ಇನ್ನೂ ಅಲ್ಲೇ. ಕೈ ಚಾಚಿದೆ. ಕಿವಿ ಹಿಂದಕ್ಕೆ ಮಡಚಿ ಬುಸ್ ಅಂತು, ಪರಚಿತು. ಗೀರು ಇಲ್ಲಿದೆ ನೋಡಿ. ತಳಿಯ ಪೇಪರ್ ತೋರಿಸಿದ, ಮೂರು ತಲೆಮಾರಿನ ಹೆಸರು ಉಂಟು. "ಅಪ್ಪ ಬೆಕ್ಕು ಹೇಗಿತ್ತು?" ಅಂದೆ. "ನೋಡಿಲ್ಲ." "ಎಷ್ಟು ವಾರದ ಮರಿ ತಂದದ್ದು?" "ಐದು."

ಐದು ವಾರ! ಹನ್ನೆರಡು ವಾರವಾದರೂ ತಾಯಿ ಹತ್ತಿರ ಇರಬೇಕಾದ ಮರಿ ಅದು.

ತಳಿಗೆ ಸ್ವಭಾವ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಯಾಮಿ ತಳಿಯ ಬೆಕ್ಕಿಗೆ ಮಾತು ಜಾಸ್ತಿ, ಪರ್ಷಿಯನ್ ಸಾಮಾನ್ಯವಾಗಿ ನಿಧಾನ. ಆದರೆ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2019ರಲ್ಲಿ 5,700ಕ್ಕೂ ಹೆಚ್ಚು ಬೆಕ್ಕುಗಳ ಲೆಕ್ಕ ತೆಗೆದರು. ಒಂದೇ ತಳಿಯ ಒಳಗೂ ಬೆಕ್ಕಿನಿಂದ ಬೆಕ್ಕಿಗೆ ಸ್ವಭಾವ ಬೇರೆ, ಆ ವ್ಯತ್ಯಾಸದಲ್ಲಿ ಹತ್ತಿರ ಹತ್ತಿರ ಅರ್ಧ ರಕ್ತದಿಂದಲೇ ಬರುತ್ತದೆ. ಅಂದರೆ ಏನು? ತಳಿಯ ಹೆಸರು ಸಾಲದು. ಅಪ್ಪ ಯಾರು, ಅಮ್ಮ ಯಾರು, ಅದನ್ನು ಕೇಳಿ!

"ಎಲ್ಲ ಸಾಕುವ ರೀತಿಯಲ್ಲಿದೆ" ಅನ್ನುವವರು ಬಂದೇ ಬರುತ್ತಾರೆ. ಸಾಕುವುದು ಬೇಡ ಅಂತ ಯಾರು ಹೇಳಿದರು? ಎರಡರಿಂದ ಏಳು ವಾರದೊಳಗೆ ಮರಿಗೆ ಮನುಷ್ಯರ ಕೈ ತಾಗಲೇಬೇಕು. ಆದರೆ ಬೆಕ್ಕಿನ ಸಂಶೋಧಕಿ ಸಾಂಡ್ರಾ ಮೆಕ್ಯೂನ್ 1995ರಲ್ಲಿ ತೋರಿಸಿದ್ದು ಕೇಳಿ. ಧೈರ್ಯದ, ಸ್ನೇಹದ ಗಂಡುಬೆಕ್ಕಿನ ಮರಿಗಳು ಹೊಸಬರ ಹತ್ತಿರ ಬೇಗ ಹೋದವು. ಗಂಡುಬೆಕ್ಕು ಮರಿ ಸಾಕುತ್ತದಾ? ಇಲ್ಲ! ಮತ್ತೆ ಆ ಧೈರ್ಯ ಎಲ್ಲಿಂದ ಬಂತು?

ಮಲ್ಪೆಯಲ್ಲಿ ನಮ್ಮ ದೊಡ್ಡಮ್ಮನ ಮನೆ ಹತ್ತಿರ ಒಂದು ಗಂಡುಬೆಕ್ಕು ಇತ್ತು. ಎಡಗಿವಿ ಹರಿದದ್ದು. ಮೀನಿನವರು ಬುಟ್ಟಿ ಇಳಿಸಿದರೆ ಎರಡಡಿ ದೂರ ಕೂತು ಕಾಯುತ್ತಿತ್ತು. ಬೂತಾಯಿ ಮೀನಿನ ತಲೆ ಹಾಕಿದರೆ ಕೈಗೆ ಮುಖ ಉಜ್ಜಿ ಆಮೇಲೆ ತಿನ್ನುವುದು. ಆ ವಠಾರಕ್ಕೆ ಬೇರೆ ಗಂಡು ಬರಲು ಅದು ಬಿಡುತ್ತಲೇ ಇರಲಿಲ್ಲ. ಅದರ ಮರಿಯೇ ಈಗ ನನ್ನ ಮೈಕ್ ಪಕ್ಕ ಮಲಗಿರುವ ಪುಚ್ಚೆ. ಗುರ್ ಗುರ್ ಕೇಳುತ್ತಾ? ಇದು ಕಳ್ಳ ಬೆಕ್ಕಾ? ಹೇಳಿ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಮರಿ ತರಲು ಹೋಗುವವರು ಇವತ್ತೇ ಫೋನ್ ಮಾಡಿ, ಅಪ್ಪ ಬೆಕ್ಕಿನ ವಿಡಿಯೋ ಕೇಳಿ. ಹೊಸಬರು ಮುಟ್ಟಿದರೆ ಅದು ಏನು ಮಾಡುತ್ತದೆ ಅಂತ ನೋಡಿ. ಕೊಡುವುದಿಲ್ಲ ಅಂದರೆ ಆ ಮರಿ ಬೇಡ. ಪೇಪರ್ ಎಷ್ಟು ಹೊಳೆಯಲಿ, ಬೇಡ ಅಂದರೆ ಬೇಡ!