ಗೆದ್ದವರೇ, ಮೊದಲು ಬಿದ್ದವನನ್ನು ಎಬ್ಬಿಸಿ

ಕೇಳುಗರಿಗೆ ನಮಸ್ಕಾರ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕುಸ್ತಿ ತಾಲೀಮು ಮುಗಿಸಿ ಮೈ ಒರೆಸಿಕೊಳ್ಳುತ್ತಿರುವ ಹುಡುಗರೇ, ಇವತ್ತು ನಿಮ್ಮ ಜೊತೆಗೇ ಮಾತು. ಡಾವು-ಪೇಚು ಕಲಿಸಲು ನಿಮ್ಮ ವಸ್ತಾದರಿದ್ದಾರೆ. ನಾನು ಹೇಳುವುದು ಒಂದೇ. ಗೆದ್ದ ಕೂಡಲೇ ಬಿದ್ದವನನ್ನು ಎಬ್ಬಿಸಿ. ಕೈ ಮೇಲೆತ್ತಿ ಕುಣಿಯುವುದು ಆಮೇಲೆ.

ಈಗೇನಾಗಿದೆ? ಎದುರಾಳಿಯನ್ನು ಚಿತ್ ಮಾಡಿದ್ದೇ ತಡ, ತೊಡೆ ತಟ್ಟಿಕೊಂಡು ಮೊಬೈಲ್ ಹಿಡಿದ ಗೆಳೆಯನನ್ನು ಹುಡುಕುತ್ತಾರೆ. ಕೆಳಗೆ ಬಿದ್ದವನಿಗೆ ಉಸಿರು ಕಟ್ಟಿದೆಯೋ, ಭುಜ ಸರಿದಿದೆಯೋ, ಯಾರು ನೋಡಬೇಕು? ಕಣದಲ್ಲಿ ಅವನಿಗೆ ನಿಮಗಿಂತ ಹತ್ತಿರ ಯಾರೂ ಇಲ್ಲ, ಅಲ್ವಾ? ಕುತ್ತಿಗೆ ನೋವು ಅಂದರೆ ಮಾತ್ರ ಎಳೆಯಬೇಡಿ. ಪಂಚರನ್ನು, ಅಂದರೆ ತೀರ್ಪುಗಾರರನ್ನು, ಕೂಗಿ.

ನಮ್ಮ ಕಡೆಯ ಒಂದು ಜಾತ್ರೆಯ ಕಥೆ ಹೇಳುತ್ತೇನೆ. ತೆಂಗಿನಕಾಯಿ ಬಹುಮಾನದ ಚಿಕ್ಕ ಮಕ್ಕಳ ಕಾಯಿ ಕುಸ್ತಿ ಮುಗಿದು, ಸಂಜೆ ಬೆಳ್ಳಿ ಕಡಗದ ಬಹುಮಾನದ ಕುಸ್ತಿಗೆ ಇಬ್ಬರು ಇಳಿದರು. ಒಬ್ಬ ನಲವತ್ತು ದಾಟಿದ ಹಳೇ ಪೈಲ್ವಾನ, ಜೋಳ ಬೆಳೆಯುವ ರೈತ. ಇನ್ನೊಬ್ಬ ಮೀಸೆ ಈಗಷ್ಟೇ ಚಿಗುರಿದ ಹುಡುಗ. ಬೆವರಿಗೆ ಕೈ ಜಾರುತ್ತದೆಂದು ಇಬ್ಬರೂ ಮುಷ್ಟಿ ಮಣ್ಣು ತೆಗೆದು ಒಬ್ಬರ ಬೆನ್ನಿಗೆ ಒಬ್ಬರು ಹಚ್ಚಿದರು. ನೋಡಿ, ತನ್ನನ್ನು ಹಿಡಿಯಲು ಎದುರಾಳಿಗೆ ತಾನೇ ಅನುಕೂಲ ಮಾಡಿಕೊಡುವ ಆಟ ನಮ್ಮದು! ಬಹಳ ಹೊತ್ತು ಯಾರೂ ಬಗ್ಗಲಿಲ್ಲ. ಕೊನೆಗೆ ಹುಡುಗ ಢಾಕ ಎಂಬ ಪಟ್ಟು ಹಾಕಿದ. ಹಿರಿಯರ ಬೆನ್ನು ಮಣ್ಣಿಗೆ ಹತ್ತಿತು. ಹಲಗಿ ಜೋರಾಯಿತು, ಜನ ನುಗ್ಗಿ ಹುಡುಗನನ್ನು ಹೆಗಲಿಗೆ ಎತ್ತಲು ಬಂದರು. ಅವನು ಅವರ ಕೈ ಕೊಸರಿಕೊಂಡು ವಾಪಸ್ ಹೋಗಿ ಕುಕ್ಕರಗಾಲಲ್ಲಿ ಕುಳಿತ. ಹಿರಿಯರ ಕಣ್ಣು, ಮೂಗಿನ ತುಂಬ ಮಣ್ಣು. ಯಾರದ್ದೋ ಟವೆಲ್ ಇಸಿದುಕೊಂಡು ಮೆಲ್ಲಗೆ ಒರೆಸಿದ. "ಪೆಟ್ಟಾತೇನ್ರಿ, ಕಾಕಾ?" ಅಂದ.

ಆ ಕಾಕಾ ಎದ್ದು ಕುಳಿತು ಏನಂದರು ಗೊತ್ತಾ? "ನಿನ್ನ ಎಡಗಾಲು ಹಿಂದ ಉಳಿತದ ತಮ್ಮಾ. ಬೇರೆಯವರು ಹಿಡೀತಾರ. ನಾಳೆ ತಾಲೀಮಿಗೆ ಬಾ, ತೋರಸ್ತೀನಿ."

ಹುಡುಗ ಹೋದ. ಆ ಮಳೆಗಾಲವೆಲ್ಲ ಅಲ್ಲೇ ಕಲಿತ. ಬೆಳ್ಳಿ ಕಡಗ ಹಳೆಯದಾಯಿತು, ಅವರು ಕಲಿಸಿದ್ದು ಈಗಲೂ ಅವನ ಕಾಲಲ್ಲಿದೆ. ಅವನು ಕುಣಿಯುತ್ತ ಹೋಗಿದ್ದರೆ ಇದು ಸಿಗುತ್ತಿತ್ತಾ?

ಕಥೆ ಉದ್ದವಾಯಿತು. ಸಮಯ ಕಡಿಮೆ ಇದೆ ಎಂದು ಇಲ್ಲಿ ಕೈ ಮಾಡುತ್ತಿದ್ದಾರೆ. ಬೇಗ ಹೇಳುತ್ತೇನೆ.

ಕರಾಡ ಹತ್ತಿರದ ಗೋಳೇಶ್ವರದ ಪೈಲ್ವಾನ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಇವತ್ತು ನಿಮ್ಮ ಕೈಲಿ ಬಿದ್ದವನೂ ಅಂಥವನೇ ಇರಬಹುದು. ಎಬ್ಬಿಸಿ.

ಮ್ಯಾಟ್ ಕುಸ್ತಿ ಆಡುವವರಿಗೂ ಇದೇ ಮಾತು. ಅಲ್ಲಿ ದೊಡ್ಡವರಿಗೆ 3 ನಿಮಿಷದ 2 ಸುತ್ತು, ಮುಗಿದ ಮೇಲೆ ಕೈ ಕುಲುಕಲೇಬೇಕು. ಮುಖ ಆ ಕಡೆ ಮಾಡಿ ಬೆರಳ ತುದಿ ಮುಟ್ಟಿಸುವುದು ಕೈ ಕುಲುಕಿದಂತಲ್ಲ.

ಹೊರಗೆ ನಿಂತು "ಮುರಿ ಅವನ ಕಾಲು" ಎಂದು ಕೂಗುವ ಅಪ್ಪಂದಿರೇ, ದಯವಿಟ್ಟು ಸ್ವಲ್ಪ ಸುಮ್ನಿರಿ. ಆ ಕಾಲು ಇನ್ನೊಬ್ಬರ ಮಗನದು.

ಹುಡುಗರೇ, ಮುಂದಿನ ಜಾತ್ರೆಗೆ ಉಗುರು ಕತ್ತರಿಸಿಕೊಂಡು ಬನ್ನಿ. ಗೆದ್ದರೆ ಎದುರಾಳಿಯನ್ನು ಎಬ್ಬಿಸಿ, ಅವನ ವಸ್ತಾದರಿಗೆ ನಮಸ್ಕಾರ ಮಾಡಿ, ಆಮೇಲೆ ಬೇಕಾದಷ್ಟು ಕುಣಿಯಿರಿ. ಹಲಗಿಯವರು ಎಲ್ಲೂ ಹೋಗುವುದಿಲ್ಲ. ನಮಸ್ಕಾರ.